ಲಕ್ಕಮ್ಮನ ಅಕ್ಕಿಯ ಅಳತೆ

ಆಯ್ದಕ್ಕಿ ಲಕ್ಕಮ್ಮನ ಹೆಸರಿನಲ್ಲಿ ನಮಗೆ ಉಳಿದುಬಂದಿರುವ ವಚನಗಳು 25ರ ಆಸುಪಾಸು. ಸಂಖ್ಯೆಯಿಂದ ಅಳೆದರೆ ಇದು ಅತ್ಯಲ್ಪ. ಆದರೂ ಶರಣಧರ್ಮದಲ್ಲಿ ಒಂದು ದಿನವೆಂದರೇನು, ಅದನ್ನು ಎಚ್ಚರದಿಂದ ಬಾಳುವುದೆಂದರೇನು ಎಂದು ಕೇಳುವವರಿಗೆ ನಾವು ಮೊದಲು ತೋರಿಸಬೇಕಾದುದು ಈ ಪುಟ್ಟ ರಾಶಿಯನ್ನೇ.

ಈ ಪ್ರಶ್ನೆ ನಮ್ಮ ಮುಂದೆ ಬಂದುದು ಹೀಗೆ. ಮೈಸೂರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ದರ್ಶನಕ್ಕೆ ಬಂದಾಗ ಒಂದು ದಿನಚರಿ ಪುಸ್ತಕವನ್ನು ತೋರಿಸಿದರು. ಪ್ರತಿ ಪುಟದ ಮೇಲ್ಭಾಗದಲ್ಲಿ ಅಂದಿನ ಸಂಕಲ್ಪವನ್ನೂ ಕೆಳಭಾಗದಲ್ಲಿ ಅಂದು ಕೃತಜ್ಞತೆ ಸಲ್ಲಿಸಬೇಕಾದ ಮೂರು ಸಂಗತಿಗಳನ್ನೂ ಬರೆಯಲು ಗೆರೆ ಹಾಕಿದ್ದಿತು. "ಬುದ್ಧಿ, ಇದು ನಮ್ಮ ಶರಣರಲ್ಲಿಯೂ ಇದೆಯೇ?" ಎಂದು ಕೇಳಿದರು. ನಮ್ಮ ಊರಿನ ಗೋಕುಲಂ ಬಡಾವಣೆಗೆ ಯೋಗಾಭ್ಯಾಸಕ್ಕೆಂದು ದೂರದೇಶಗಳಿಂದ ಬರುವವರ ಬಾಯಲ್ಲಿಯೂ ವರ್ತಮಾನದಲ್ಲಿ ನಿಲ್ಲಬೇಕೆಂಬ ಮಾತು ಕೇಳಿಬರುತ್ತದೆ. ಮಾತು ಒಳ್ಳೆಯದೇ. ಆದರೆ ಅದಕ್ಕೆ ಸಮನಾದುದು ನಮ್ಮಲ್ಲಿಯೂ ಇದೆಯೆಂದು ಹೇಳಿ ಹೆಮ್ಮೆಪಡುವುದು ವಿಮರ್ಶೆಯಾಗಲಾರದು. ಇರುವುದು ಯಾವ ರೂಪದಲ್ಲಿದೆ ಎಂಬುದನ್ನು ನೋಡಬೇಕು.

ಕಥೆ ಎಲ್ಲರಿಗೂ ತಿಳಿದುದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳಲ್ಲಿ ಗಂಡನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವನು. ಹೆಂಡತಿಯು ಅದರಿಂದ ದಾಸೋಹವನ್ನು ನಡೆಸುವಳು. ಒಂದು ದಿನ ಮಾರಯ್ಯನು ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತನು. ಕಾಯಕವು ನಿಂತುಹೋಗಿದೆಯೆಂದು ಲಕ್ಕಮ್ಮನು ಎಚ್ಚರಿಸಿದಳು. ಎದ್ದು ಹೋದವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಪರೀಕ್ಷೆಗೆಂದು ಬಸವಣ್ಣನವರೇ ಹೆಚ್ಚಾಗಿ ಚೆಲ್ಲಿಸಿದ್ದರೆಂಬುದು ಪ್ರತೀತಿ. ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಈ ಪ್ರಸಂಗವನ್ನು ನಮ್ಮ ಉಪನ್ಯಾಸಕರು ನಿರಾಶೆಯ, ಅಂದರೆ ಆಸೆಯಿಲ್ಲದಿರುವಿಕೆಯ ಪಾಠವಾಗಿ ವಿವರಿಸುವುದು ವಾಡಿಕೆ. ಆಸೆಯು ಅರಸರಿಗೆ ತಕ್ಕುದು, ಭಕ್ತರಿಗಲ್ಲ ಎಂಬ ಅರ್ಥದ ಮಾತನ್ನು ಆಕೆಯೇ ಆಡಿರುವುದರಿಂದ ಈ ವಿವರಣೆಗೆ ಆಧಾರವಿಲ್ಲದಿಲ್ಲ. ಆದರೆ ಇದರಿಂದ ಪ್ರಸಂಗದ ಅರ್ಧಭಾಗವು ಕೈಬಿಟ್ಟುಹೋಗುತ್ತದೆ. ಲಕ್ಕಮ್ಮನು ಅಕ್ಕಿಯನ್ನು ನೋಡುವುದಕ್ಕಿಂತ ಮೊದಲು ಗಂಡನ ಮನಸ್ಸನ್ನು ನೋಡುತ್ತಾಳೆ. ಒಮ್ಮನವನ್ನು ಮೀರಿದ ಇಮ್ಮನ ಎಂಬುದು ಆಕೆಯ ಆಕ್ಷೇಪ. ಧಾನ್ಯವನ್ನು ಅಳೆಯುವ ಮಾನವೂ ಮನುಷ್ಯನ ಮನವೂ ಒಂದೇ ಉಸಿರಿನಲ್ಲಿ ಕೇಳಿಸುವಂತಹ ಪದಗಳಿವು. ಕಡೆಯ ಪಕ್ಷ ನಮ್ಮ ಕಿವಿಗೆ ಹಾಗೆ ಕೇಳಿಸುತ್ತದೆ. ಹೆಚ್ಚು ಅಕ್ಕಿ ಬಂದಿತೆಂದರೆ ಮನಸ್ಸು ಎರಡಾಯಿತೆಂದು ಅರ್ಥ: ಒಂದು ಇಂದಿನ ದಾಸೋಹದಲ್ಲಿ, ಇನ್ನೊಂದು ನಾಳೆಯ ಮಡಕೆಯಲ್ಲಿ. ಅಂತಹ ಅಕ್ಕಿಯ ನೈವೇದ್ಯವು ಲಿಂಗಕ್ಕೆ ಸಲ್ಲದೆಂಬುದು ಆಕೆಯ ತೀರ್ಪು. ಅಷ್ಟೇ ಅಲ್ಲ, ಇದು ಗಂಡನ ಮನಸ್ಸಿನ ದೋಷವೋ ಬಸವಣ್ಣನವರ ಸಂಶಯದ ಫಲವೋ ಎಂದು ಕೇಳುವ ಧೈರ್ಯವೂ ಆಕೆಗಿದೆ. ಕಲ್ಯಾಣದ ದಂಡನಾಯಕರನ್ನು ಹೀಗೆ ತೂಗಿ ನೋಡಿದವರು ಎಷ್ಟು ಜನ?

ಕಾಯಕವನ್ನೇ ಕೈಲಾಸವೆಂದು ಸಾರುವ ಪ್ರಸಿದ್ಧ ಮಾತನ್ನು ಜನರು ಬಸವಣ್ಣನವರದೆಂದು ತಿಳಿದು ಗೋಡೆಗಳ ಮೇಲೆ ಬರೆಸುತ್ತಾರೆ. ಅದು ಇರುವುದು ಈ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು ನುಡಿದ ಆ ಮಾರಯ್ಯನೇ ಗೋಷ್ಠಿಯಲ್ಲಿ ಕುಳಿತು ಕಾಯಕವನ್ನು ಮರೆತನು! ತತ್ತ್ವವನ್ನು ಬಲ್ಲವನು ಕ್ಷಣವನ್ನು ಮರೆತನು. ಮನೆಯಲ್ಲಿ ಒಲೆಯ ಮುಂದೆ ಕಾದಿದ್ದವಳು ನೆನಪಿಟ್ಟಳು. ಪ್ರವಚನ ಮಾಡುವ ನಮ್ಮಂತಹವರಿಗೆ ಈ ಭಾಗವು ಇರಿಸುಮುರಿಸಾಗುವಂತಹುದು. ಬಹುಶಃ ಆದುದರಿಂದಲೇ ನಾವು ಇದನ್ನು ಬೇಗ ದಾಟಿ ಅಕ್ಕಿಯ ಕಡೆಗೆ ನಡೆದುಬಿಡುತ್ತೇವೆ.

ಲಕ್ಕಮ್ಮನ ವಚನಗಳು 12ನೆಯ ಶತಮಾನದವು. ಅವುಗಳನ್ನು ಕಥಾಸೂತ್ರದಲ್ಲಿ ಪೋಣಿಸಿದ ಶೂನ್ಯಸಂಪಾದನೆಗಳಾದರೋ 15ನೆಯ ಶತಮಾನದಿಂದ ಈಚಿನವು. ಸ್ವಲ್ಪ ಅಕ್ಕಿಯಿಂದಲೇ 1,96,000 ಜಂಗಮರಿಗೆ ಪ್ರಸಾದವಾಯಿತೆಂಬ ಪವಾಡವು ಈಕೆಯ ಕಥೆಗೆ ಸೇರಿಕೊಂಡಿದೆ. ಭಕ್ತರ ಶ್ರದ್ಧೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಆಕೆಯ ವಚನಗಳಿಗೆ ಈ ಪವಾಡದ ಊರುಗೋಲು ಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ನಿತ್ಯದ ಹಿಡಿ ಅಕ್ಕಿಯು ನಿತ್ಯಕ್ಕೆ ಸಾಕಾಯಿತೆಂಬುದೇ ಅಲ್ಲಿ ಇರುವ ಅದ್ಭುತ.

ಇನ್ನು ಕೃತಜ್ಞತೆಯ ಮಾತು. ಶರಣರಲ್ಲಿ ಅದು ಬಾಯಿಂದ ಹೇಳಿ ಮುಗಿಸುವ ಉಪಚಾರವಲ್ಲ. ಬಂದುದನ್ನು ಪ್ರಸಾದವೆಂದು ಸ್ವೀಕರಿಸಬೇಕು, ಪ್ರಸಾದವಾದುದನ್ನು ಕೆಡಿಸಬಾರದು, ಮಿಕ್ಕುದನ್ನು ತನ್ನದೆನ್ನಬಾರದು. ಲಕ್ಕಮ್ಮನು ಬಸವಣ್ಣನವರಿಗೆ ವಂದನೆಯನ್ನು ಹೇಳಿಕಳುಹಿಸಲಿಲ್ಲ. ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳು.

ಇಲ್ಲಿ ಒಂದು ತೊಡಕಿದೆ. ಈ ಕಥೆಯಲ್ಲಿ ಶಾಲೆಯ ಶುಲ್ಕ ಕಟ್ಟಬೇಕಾದ ಮಕ್ಕಳಿಲ್ಲ, ಹಾಸಿಗೆ ಹಿಡಿದ ಮುದುಕರಿಲ್ಲ. ಮಳೆ ಕೈಕೊಟ್ಟ ವರ್ಷ ಚಾಮರಾಜನಗರದ ರೈತನಿಗೆ ನಾಳೆಯ ಬಿತ್ತನೆಬೀಜವನ್ನು ಇಡಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ನಮ್ಮ ಮಠಗಳ ಉಗ್ರಾಣಗಳಲ್ಲಿಯೂ ತಿಂಗಳುಗಟ್ಟಲೆಯ ಅಕ್ಕಿ ಇದೆ. ನೂರಾರು ಮಕ್ಕಳು ಪಂಕ್ತಿಯಲ್ಲಿ ಕುಳಿತುಕೊಳ್ಳುವಲ್ಲಿ ಇರಲೇಬೇಕು. ಕೂಡಿಟ್ಟುದು ನಾಳೆ ಬರುವ ಹಸಿವಿಗಾಗಿಯೋ, ನಮ್ಮ ಹೆಸರಿಗಾಗಿಯೋ ಎಂಬ ಪ್ರಶ್ನೆಯನ್ನು ಮಾತ್ರ ಲಕ್ಕಮ್ಮನು ಉಗ್ರಾಣದ ಬಾಗಿಲಲ್ಲಿ ನಿಂತು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಮೊದಲು ಉತ್ತರ ಕೊಡಬೇಕಾದವರು ಕಾವಿ ಧರಿಸಿದ ನಾವು. ಎಲ್ಲ ದಿನಗಳಲ್ಲಿಯೂ ಒಂದೇ ಉತ್ತರ ದೊರೆಯುತ್ತದೆಂದು ಹೇಳಲಾರೆವು.

ಹಳೆಯ ವಿದ್ಯಾರ್ಥಿಗೆ ಈ ಕಥೆಯನ್ನೇ ಹೇಳಿ, ಪುಸ್ತಕದಲ್ಲಿ ಇನ್ನೊಂದು ಗೆರೆಯನ್ನು ಎಳೆದುಕೊಳ್ಳಬೇಕೆಂದೆವು: ಇಂದು ಹೆಚ್ಚಾಗಿ ಬಂದುದೇನು, ಅದನ್ನು ಎಲ್ಲಿಗೆ ಒಪ್ಪಿಸಿದೆ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿನ ಎರಡೂ ಸುಲಭ, ಬುದ್ಧಿ, ಈ ಗೆರೆ ಬಹಳ ದಿನ ಖಾಲಿಯೇ ಉಳಿದೀತು" ಎಂದರು. ಬಳಿಕ ಪ್ರಸಾದಕ್ಕೆ ಎದ್ದುಹೋದರು.