ಕಪಾಟಿನೊಳಗಿನ ಯುದ್ಧದೋಣಿ

ನಮ್ಮೂರು ಕೆಂಭಾವಿಗೂ ಕಡಲಿಗೂ ಯಾವ ಸಂಬಂಧವೂ ಇಲ್ಲ. ಹರಿಹರ ಕವಿ ರಗಳೆ ಬರೆದ ಭೋಗಣ್ಣನ ಊರು ಇದು. ತೊಗರಿ, ಹತ್ತಿ, ಕಾಲುವೆ ನೀರು ಬಂದಮೇಲೆ ಭತ್ತ, ಇವೇ ನಮ್ಮ ದಿನದ ಮಾತು. ಹೊಳೆಯೆಂದರೆ ಕೃಷ್ಣೆ, ದೋಣಿಯೆಂದರೆ ಹರಿಗೋಲು. ಹೀಗಿರುವಾಗ ನನ್ನ ತಂಗಿಯ ಮನೆಯ ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಮದುವೆಯಲ್ಲಿ ಬಂದ ಸ್ಟೀಲಿನ ಡಬ್ಬಿಗಳನ್ನು ಅತ್ತ ಸರಿಸಿ, ಒಂದು ಯುದ್ಧದೋಣಿಗೆ ಜಾಗ ಮಾಡಿಕೊಟ್ಟಿದ್ದಾರೆ. ಅದನ್ನು ಮಾಡಿದವನು ಅವಳ ಮಗ, ಪಿಯುಸಿ ಓದುವ ಹುಡುಗ. ಬಂದವರೆಲ್ಲ ನೋಡಿ "ಭಾಳ ಚಂದ ಮಾಡ್ಯಾನ" ಅಂದು ಚಹಾ ಕುಡಿದು ಹೋಗುತ್ತಾರೆ. ನನಗೆ ಹಾಗೆ ಅಂದು ಸುಮ್ಮನಾಗಲು ಆಗಲಿಲ್ಲ. ಒಂದು ಕತೆಯನ್ನೋ ಕಾದಂಬರಿಯನ್ನೋ ಓದಿ ಒಪ್ಪು ತಪ್ಪು ಹೇಳುವಂತೆ, ಕೈಯಿಂದ ಮಾಡಿದ ಒಂದು ವಸ್ತುವಿನ ಬಗ್ಗೆಯೂ ಹೇಳಬಾರದೇಕೆ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾಲೇಜಿನ ಪ್ರವಾಸದಲ್ಲಿ ಹುಡುಗ ಕಾರವಾರಕ್ಕೆ ಹೋಗಿದ್ದ. ಅಲ್ಲಿ ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರದಲ್ಲಿ ಐಎನ್‌ಎಸ್ ಚಪಲ ಎಂಬ ಕ್ಷಿಪಣಿ ದೋಣಿಯನ್ನು ದಡದ ಮೇಲೆ ನಿಲ್ಲಿಸಿ ಸಂಗ್ರಹಾಲಯ ಮಾಡಿದ್ದಾರೆ. ನೀರಿನಲ್ಲಿದ್ದರೆ ಹಡಗಿನ ಅರ್ಧ ಮೈ ಮುಳುಗಿರುತ್ತದೆ. ಇಲ್ಲಿ ಕೆಳಗಿನ ಹೊಟ್ಟೆಯೂ ಕಾಣುತ್ತದೆ. ಮಾದರಿ ಮಾಡುವವರಿಗೆ ಇದಕ್ಕಿಂತ ಭಾಗ್ಯ ಬೇರೆ ಬೇಕೆ? ಅವನು ಸುತ್ತಲೂ ತಿರುಗಿ ಫೋಟೋ ತೆಗೆದುಕೊಂಡು ಬಂದ.

ಇನ್ನು ಅವನ ಕೆಲಸದ ಗುಣ ಹೇಳುತ್ತೇನೆ. ನಾನು ಇಪ್ಪತ್ತು ವರ್ಷ ಹೊಲಿಗೆಯಂತ್ರ ತುಳಿದವಳು. ಅಳತೆಯ ಮಾತು ನನಗೆ ತಿಳಿಯುತ್ತದೆ. ಈ ಜಾತಿಯ ದೋಣಿಯ ಉದ್ದ 38.6 ಮೀಟರು, ಅಗಲ 7.6 ಮೀಟರು. ಅವನು ಒಂದು ಮೀಟರಿಗೆ ಒಂದು ಸೆಂಟಿಮೀಟರು ಹಿಡಿದಿದ್ದಾನೆ. ಟೇಪು ಇಟ್ಟು ನೋಡಿದೆ, ಉದ್ದ ಮೂವತ್ತೆಂಟೂವರೆ ದಾಟಿ ಒಂದು ಗೆರೆ, ಅಗಲ ಏಳೂವರೆ ದಾಟಿ ಒಂದು ಗೆರೆ. ಮೈಯೆಲ್ಲ ರಟ್ಟು ಮತ್ತು ತೆಳ್ಳನೆಯ ಪ್ಲೈವುಡ್. ತೋಪಿನ ನಳಿಗೆಗೆ ನನ್ನದೇ ಡಬ್ಬಿಯಿಂದ ಕದ್ದ ಸೂಜಿಗಳು. ಅಂಚಿನ ಕಟಾಂಜನಕ್ಕೆ ಗುಂಡುಪಿನ್ನು ಮತ್ತು ಕರಿ ದಾರ. ನಾಲ್ಕು ಕ್ಷಿಪಣಿ ಕೊಳವೆಗಳಿಗೆ ಗುಳಿಗೆಯ ದುಂಡು ಡಬ್ಬಿಗಳು. ಕುಪ್ಪಸದ ತೋಳು ಕೂಡಿಸುವಾಗ ಎರಡು ಕಡೆ ಸಮ ಬರಬೇಕು. ಈ ದೋಣಿಯಲ್ಲಿ ಎಡಬಲ ಸಮ ಬಂದಿದೆ. ಇದು ಸಣ್ಣ ಮಾತಲ್ಲ.

ಆದರೆ ಪೀಠದ ಮೇಲೆ ಅಂಟಿಸಿದ ಚೀಟಿ ಹೀಗಿತ್ತು: "1971ರಲ್ಲಿ ಕರಾಚಿಯನ್ನು ಸುಟ್ಟ ವೀರನೌಕೆ ಚಪಲ." ಒಂದು ವಸ್ತುಪ್ರದರ್ಶನದಲ್ಲಿ ಇದಕ್ಕೆ ಮೊದಲ ಬಹುಮಾನ ಬಂತು. ಬಹುಮಾನ ಬಂದದ್ದು ಅಳತೆಗಲ್ಲ; ಹಿಂದೆ ಹತ್ತಿ ಉರಿವ ಕೆಂಪು ದೀಪಕ್ಕೆ, ಊದುಬತ್ತಿಯ ಹೊಗೆಗೆ, ಮತ್ತು ಆ ಚೀಟಿಗೆ.

ಅವನ ಕಡತದಲ್ಲಿ 1971ರ ದೋಣಿಯ ಒಂದು ಚಿತ್ರವೂ ಇತ್ತು. ಒಂದು ಮಧ್ಯಾಹ್ನ ಅದನ್ನು ಮಾದರಿಯ ಪಕ್ಕ ಹಿಡಿದು ಕೇಳಿದೆ.

"ಇದರಾಗ ಡಬ್ಬಿ ಚೌಕ ಪೆಟಗಿ ಇದ್ದಂಗ ಅದಾವ. ನಿನ್ನವು ದುಂಡಗ ಅದಾವ. ಯಾಕೋ?"

"ಕಾರವಾರದಾಗ ದುಂಡಗೇ ಅದಾವ, ದೊಡ್ಡವ್ವ. ಫೋಟೋ ನೋಡು."

ಫೋಟೋ ನೋಡಿದೆ. ಅವನು ಹೇಳಿದ್ದು ನಿಜ. ಹಾಗಾದರೆ ಇವೆರಡೂ ಒಂದೇ ದೋಣಿಯಲ್ಲ! ಇಬ್ಬರೂ ಕೂತು ಹುಡುಕಿದೆವು. ಭಾರತ ರಷ್ಯಾದಿಂದ ಈ ದೋಣಿಗಳನ್ನು ಎರಡು ಕಂತಿನಲ್ಲಿ ತಂದಿತು. ಮೊದಲ ಕಂತಿನ ಎಂಟು 1971ರ ಯುದ್ಧಕ್ಕೆ ಮೊದಲೇ ಬಂದವು. ಅವಕ್ಕೆ ಚೌಕ ಪೆಟ್ಟಿಗೆ. ಎರಡನೆಯ ಕಂತಿನ ಎಂಟು 1976ರಲ್ಲಿ ಮತ್ತು ಅದರ ಮರುವರ್ಷ ಬಂದವು; ಅವಕ್ಕೆ ದುಂಡು ಕೊಳವೆ. ಚಪಲ ನೌಕಾಪಡೆ ಸೇರಿದ್ದು 1976ರ ನವೆಂಬರ್ 4ರಂದು. ಕರಾಚಿಯ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ಹುಟ್ಟುವುದಕ್ಕೆ ಐದು ವರ್ಷ ಮೊದಲು ಯುದ್ಧ ಮಾಡುವುದು ಹೇಗೆ? ಆ ರಾತ್ರಿ ಹೋದ ಕ್ಷಿಪಣಿ ದೋಣಿಗಳು ನಿಪಾತ, ನಿರ್ಘಾತ ಮತ್ತು ವೀರ. ಜೊತೆಗೆ ಕಿಲ್ತಾನ್, ಕಚ್ಚಲ್ ಎಂಬ ಎರಡು ದೊಡ್ಡ ಹಡಗುಗಳು. ಬಂದರು ಕಾಯಲೆಂದು ತಂದ ಸಣ್ಣ ದೋಣಿಗಳನ್ನು ಅಷ್ಟು ದೂರ ಒಯ್ದು ಹೊಡೆದದ್ದೇ ಆ ದಾಳಿಯ ವಿಶೇಷ. ಇವಕ್ಕೆ ಪಾಶ್ಚಾತ್ಯರು ಇಟ್ಟ ಹೆಸರು ಓಸಾ. ರಷ್ಯನ್ ಮಾತಿನಲ್ಲಿ ಹಾಗೆಂದರೆ ಕಡಜ. ಸಣ್ಣ ಮೈ, ದೊಡ್ಡ ಕೊಂಡಿ.

ಇಲ್ಲಿ ನನಗೆ ಹೊಳೆದದ್ದು ಇಷ್ಟು. ಹುಡುಗನ ಕೈ ಸುಳ್ಳು ಹೇಳಿರಲಿಲ್ಲ. ಕಣ್ಣು ಕಂಡದ್ದನ್ನೇ ಮಾಡಿದ್ದ. ಆ ದುಂಡು ಕೊಳವೆಗಳೇ "ನಾನು 1971ರವಳಲ್ಲ" ಎಂದು ಹೇಳುತ್ತಿದ್ದವು. ಸುಳ್ಳು ಹೇಳಿದ್ದು ಚೀಟಿ ಮಾತ್ರ. ಅದೂ ಅವನು ಕಟ್ಟಿದ ಸುಳ್ಳಲ್ಲ, ಕೇಳಿದ್ದನ್ನು ಬರೆದದ್ದು. ಈ ಮಾತು ಪ್ರವಾಸ ಹೋಗಿಬಂದ ಬಹಳ ಜನರ ಬಾಯಲ್ಲಿ ಇದೆ.

"ಚೀಟಿ ಬದಲ ಮಾಡು" ಅಂದೆ.

"ಬಹುಮಾನ ಕೊಟ್ಟವರಿಗೇ ಗೊತ್ತಾಗಿಲ್ಲ. ನಿನಗ್ಯಾಕ ದೊಡ್ಡವ್ವ?" ಅಂದ.

ತಂಗಿ ಒಳಗಿನಿಂದಲೇ, "ಹುಡುಗನ ಸಂತೋಷ ಯಾಕ ಕೆಡಸ್ತಿ, ಅಕ್ಕ? ಯುದ್ಧದ ಹಡಗಿನ ವಿಚಾರ ನಿನಗೇನು ತಿಳೀತಾದ?" ಅಂದಳು. ಆ ಮಾತು ನಾಟಿತು. ಹೆಂಗಸಿಗೆ ಏನು ತಿಳಿಯುತ್ತದೆ ಎಂಬ ಮಾತನ್ನು ಗಂಡಸರಿಂದ ಕೇಳಿ ರೂಢಿಯಾಗಿದೆ. ಬೆನ್ನಿಗೆ ಬಿದ್ದವಳಿಂದ ಕೇಳಿದಾಗ ಬೇರೆ ನೋವು. ಒಂದು ವಾರ ಆ ಮನೆಗೆ ಹೋಗಲಿಲ್ಲ.

ಆ ವಾರದಲ್ಲಿ ಯೋಚಿಸಿದೆ, ನಾನು ಹಠ ಮಾಡಿದೆನೇ? ಇಲ್ಲ ಅನ್ನಿಸಿತು. ಚಪಲ 2005ರವರೆಗೆ, ಸುಮಾರು ಇಪ್ಪತ್ತೆಂಟು ವರ್ಷ ಕಡಲು ಕಾಯ್ದಿತು. ಅಷ್ಟು ವರ್ಷ ನಿಂತು ಕಾಯ್ದದ್ದು ನಮಗೆ ಸಾಲದೆ, ಅದು ಮಾಡದ ಯುದ್ಧವನ್ನು ಅದರ ತಲೆಗೆ ಕಟ್ಟುತ್ತೇವೆ. ದಿನವೂ ಮನೆ ಕಾಯುವವರ ಕೆಲಸ ಯಾರಿಗೂ ಕಾಣುವುದಿಲ್ಲ, ಒಂದು ದಿನ ಬೆಂಕಿ ಹತ್ತಿದರೆ ಮಾತ್ರ ಕಾಣುತ್ತದೆ. ಇದು ನಮಗೆ, ಹೆಂಗಸರಿಗೆ, ಹೊಸ ಸಂಗತಿಯೇ? ಇತ್ತ ಚಪಲಕ್ಕೆ ಬಡಿವಾರ ಕೊಟ್ಟಷ್ಟೂ ಅತ್ತ ನಿಪಾತ, ನಿರ್ಘಾತ, ವೀರರ ಪಾಲು ಕಸಿದಂತಾಗುತ್ತದೆ. ಒಬ್ಬಳು ಮಾಡಿದ ಅಡಿಗೆಗೆ ಇನ್ನೊಬ್ಬಳ ಹೆಸರು ಹೇಳಿದಂತೆ.

ಮಾದರಿಯಲ್ಲಿ ನಾನು ಕಂಡ ಇನ್ನೊಂದು ಕೊರತೆಯೂ ಇದೆ. ಅದರ ಮೇಲೆ ಮನುಷ್ಯರಿಲ್ಲ. ಈ ಅಳತೆಯಲ್ಲಿ ಒಬ್ಬ ಗಂಡಸು ಒಂದು ಮುಕ್ಕಾಲು ಸೆಂಟಿಮೀಟರು ಕೂಡ ಆಗುವುದಿಲ್ಲ, ಬೆಂಕಿಕಡ್ಡಿಯ ಅರ್ಧಕ್ಕಿಂತ ಕಡಿಮೆ. ಆದರೂ ಅವನಿಲ್ಲದೆ ದೋಣಿ ಎಷ್ಟು ದೊಡ್ಡದೆಂದು ತಿಳಿಯುವುದು ಹೇಗೆ? ನಿರ್ಘಾತದ ಕ್ಷಿಪಣಿಗಳಿಗೆ ಪಾಕಿಸ್ತಾನದ ಖೈಬರ್ ಹಡಗು ಮುಳುಗಿ ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಐದು ದಿನಗಳ ನಂತರ, ಡಿಸೆಂಬರ್ 9ರಂದು, ನಮ್ಮ ಖುಕ್ರಿ ಮುಳುಗಿ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 194 ಜನ ಹೋದರು. ದೀವ್‌ನಲ್ಲಿ ಕಡಲಿಗೆದುರಾಗಿ ಆ ಖುಕ್ರಿಯ ಒಂದು ಮಾದರಿಯನ್ನು ಗಾಜಿನ ಮನೆಯಲ್ಲಿಟ್ಟಿದ್ದಾರೆ. ಅಲ್ಲಿ ದೀಪ, ಹೊಗೆಯ ಆಟ ಯಾರಿಗೂ ಬೇಕಾಗದು. ಮಾದರಿ ಆಟಿಕೆಯೂ ಆಗಬಹುದು, ಸಮಾಧಿಯೂ ಆಗಬಹುದು. ಮಾಡುವವನಿಗೆ ಇದು ಗೊತ್ತಿರಬೇಕು.

ನೀರಿನ ಭಯ ನಮ್ಮ ಸೀಮೆಗೆ ತಿಳಿಯದ್ದೇನಲ್ಲ. 2013ರಲ್ಲಿ ಕೃಷ್ಣೆ ತುಂಬಿ ಹರಿಯುವಾಗ, ನಮ್ಮ ತಾಲೂಕಿನ ನೀಲಕಂಠರಾಯನ ಗಡ್ಡಿಯ ತುಂಬು ಬಸುರಿಯೊಬ್ಬಳು ಒಣ ಕಾಯಿಬುರುಡೆ ಕಟ್ಟಿಕೊಂಡು ಹೊಳೆ ಈಜಿ ದಡ ಸೇರಿದಳು, ಆಸ್ಪತ್ರೆಯಲ್ಲಿ ಹೆರಿಗೆಯಾಗಲೆಂದು. ಆ ಬುರುಡೆಯ ಮಾದರಿಯನ್ನು ಯಾವ ಪ್ರದರ್ಶನದಲ್ಲೂ ನಾನು ಕಂಡಿಲ್ಲ. ಇಟ್ಟರೆ ಬಹುಮಾನ ಬರುತ್ತದೆಯೋ ಇಲ್ಲವೋ!

ವಾರ ಕಳೆದ ಮೇಲೆ ಹುಡುಗನೇ ಬಂದು ಕರೆದ. ಹೋಗಿ ನೋಡಿದೆ. ಹಳೆಯ ಚೀಟಿ ಕಿತ್ತು ಹೊಸದು ಹಚ್ಚಿದ್ದ: "ಐಎನ್‌ಎಸ್ ಚಪಲ. ಸೇವೆಗೆ ಸೇರಿದ್ದು 1976. ನಿವೃತ್ತಿ 2005. ಈಗ ಕಾರವಾರದಲ್ಲಿದೆ." ಓದಲು ಸಪ್ಪೆ ಚೀಟಿ, ಆದರೆ ಒಂದಕ್ಷರ ತಪ್ಪಿಲ್ಲ. ಪಕ್ಕದಲ್ಲಿ ಇನ್ನೊಂದು ದೋಣಿಯ ತಳ ಕೂತಿತ್ತು. "ಇದು ನಿರ್ಘಾತ, ದೊಡ್ಡವ್ವ. ಪೆಟಗಿ ಚೌಕ ಮಾಡ್ತೀನಿ" ಅಂದ. ದೀಪದ ತಂತಿ ಮಾತ್ರ ಕಿತ್ತಿರಲಿಲ್ಲ. ಇರಲಿ, ಅವನದೂ ವಯಸ್ಸು.

ಗೋಡೆಯ ಮೇಲಿನ ಪ್ರಶಸ್ತಿಪತ್ರದಲ್ಲಿ ಇನ್ನೂ "ಕರಾಚಿಯನ್ನು ಸುಟ್ಟ" ಎಂದೇ ಇದೆ. ಅದನ್ನು ತೆಗೆಯಲು ತಂಗಿ ಒಪ್ಪಿಲ್ಲ. ನಾನೂ ಕೇಳಲಿಲ್ಲ. ಅವಳು ಚಹಾ ತಂದಿಟ್ಟು, ಮಾತಿಲ್ಲದೆ ಕೂತು, ಬೆಂಕಿಕಡ್ಡಿಗಳನ್ನು ತುಂಡು ಮಾಡಿ ಒಂದೊಂದಕ್ಕೂ ಬಿಳಿ ಬಟ್ಟೆಯ ಚೂರು ಸುತ್ತತೊಡಗಿದಳು.

"ಎಷ್ಟು ಮಂದಿ ಬೇಕಂತ?" ಎಂದು ಕೇಳಿದೆ.

"ಮೂವತ್ತು ಮಂದಿ ಅಂತಾನ. ನೀನೂ ಹದಿನೈದು ಮಾಡು" ಅಂದಳು.