ಮಾವನ ಜಾವಾದ ಪಡಿಯಚ್ಚು

ಹಿಲ್ಲೂರಿನ ಮಾವನ ಮನೆಯಲ್ಲಿ ಕೊನೆಕೊಯ್ಲು ಮುಗಿದ ಮೇಲೆ ಒಂದು ದಿನ, ಕೊಟ್ಟಿಗೆ ಪಕ್ಕದ ಮಾಡಿನಿಂದ ಹಳೆಯ ಜಾವಾ ಅಂಗಳಕ್ಕೆ ಬಂತು. ತಾಡಪಾಲು ಸರಿಸಿದ್ದೇ ತಡ, ಎಲ್ಲರ ಕಣ್ಣೂ ಟ್ಯಾಂಕಿನ ಮೇಲೆ. ಅಂಕೋಲೆಯಿಂದ ಬಂದಿದ್ದ ಮೆಕ್ಯಾನಿಕ್ ಅಣ್ಣ ಮಾತ್ರ ಅತ್ತ ನೋಡಲಿಲ್ಲ. ಹ್ಯಾಂಡಲಿನ ಕೆಳಗೆ, ಚಾಸಿಸ್ಸಿನ ಕುತ್ತಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಎರಡು ಬೆರಳಗಲದ ಜಾಗವನ್ನು ಒರೆಸತೊಡಗಿದರು. “ಬಣ್ಣ ಆಮೇಲೆ ನೋಡುವ, ತಮಾ. ಮೊದಲು ನಂಬರ್ ನೋಡುವ” ಎಂದರು.

ಗಂಗಾವಳಿ ಕಣಿವೆಯ ಮಳೆಗಾಲ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಜಂಗಿನ ಕೆಂಪು ಹುಡಿ ಬಟ್ಟೆಗೆ ಹತ್ತಿತು, ಅದರಡಿಯ ಹಳೆಯ ಬಣ್ಣದ ಪೊರೆ ಮೆತ್ತಗಾಯಿತು. ಆದರೂ ಅಂಕಿಗಳು ಓದಲು ಸಿಗಲಿಲ್ಲ. ಆಗ ಅಣ್ಣ ತೆಳು ಕಾಗದದ ಚೂರೊಂದನ್ನು ಅಲ್ಲಿ ಒತ್ತಿ ಹಿಡಿದು, ಪೆನ್ಸಿಲಿನ ಸೀಸವನ್ನು ಓರೆಯಾಗಿ ಹಗುರಕ್ಕೆ ತಿಕ್ಕಿದರು. ಗಾಡಿ ವರ್ಗಾವಣೆಗೆ, ವಿಮೆಗೆ ‘ಚಾಸಿಸ್ ಪ್ರಿಂಟ್’ ತೆಗೆಯುವುದೆಂದರೆ ಇದೇ. ಕಪ್ಪಿನ ನಡುವಿನಿಂದ ಬಿಳಿಯ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ್ದು ಕಾಗದದ ಮೇಲೆ ಕಂಡಿತು.

ಶಾಸನ ಓದುವವರು ಮಾಡುವುದೂ ಇದನ್ನೇ. ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮೇಲೆ ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. 1936ರಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನದಲ್ಲಿ ವರ್ಷವನ್ನೇ ಕೆತ್ತಿಲ್ಲ. ಲಿಪಿಯ ಬಾಗು, ಭಾಷೆಯ ರೂಪ, ಅದರಲ್ಲಿ ಬರುವ ಕದಂಬರ ಹೆಸರು ಇವುಗಳಿಂದಲೇ ಅದು ಸುಮಾರು ಕ್ರಿ.ಶ. 450ರದ್ದೆಂದು ವಿದ್ವಾಂಸರು ಎಣಿಸಿದರು. ನಮ್ಮ ಕಾಗದದ ಮೇಲೂ ಅಂಕಿಗಳಿದ್ದವು, ಇಸವಿ ಇರಲಿಲ್ಲ. ಹಾಗಾಗಿ ಗಾಡಿಯ ವಯಸ್ಸನ್ನೂ ಅದೇ ದಾರಿಯಲ್ಲಿ ಹುಡುಕಬೇಕಾಯಿತು.

ಇಸವಿಯನ್ನು ನಂಬರಿನಲ್ಲೇ ಹೇಳುವ ಗಾಡಿಗಳೂ ಉಂಟು. ಇಂಗ್ಲೆಂಡಿನ ಟ್ರಯಂಫ್, ಬಿ.ಎಸ್.ಎ. ಕಂಪನಿಗಳು 1969ರ ಮಾದರಿಗಳಿಂದ ನಂಬರಿನ ಮೊದಲಿಗೆ ಎರಡು ಅಕ್ಷರ ಒತ್ತತೊಡಗಿದವು. ಮೊದಲನೆಯದು ತಿಂಗಳು, ಎರಡನೆಯದು ಮಾದರಿಯ ವರ್ಷ. ‘ಜೆ’ ಎಂದರೆ ಆಗಸ್ಟ್, ‘ಡಿ’ ಎಂದರೆ 1970. ಆದರೆ ‘ಜೆಡಿ’ ಎಂದಿರುವ ಗಾಡಿ ಹುಟ್ಟಿದ್ದು 1969ರ ಆಗಸ್ಟಿನಲ್ಲಿ. ಮುಂದಿನ ವರ್ಷದ ಮಾದರಿಯನ್ನು ಅವರು ಆಗಸ್ಟಿನಲ್ಲೇ ಶುರುಮಾಡುತ್ತಿದ್ದರು. ಯುಗಾದಿಗೆ ಹುಟ್ಟುವ ಸಂವತ್ಸರವನ್ನು ಇಸವಿಗೆ ಹೊಂದಿಸುವವರಿಗೆ ಈ ಸೂಕ್ಷ್ಮ ಹೊಸದೇನಲ್ಲ.

ನಮ್ಮ ಜಾವಾ ಮೈಸೂರಿನದು. ಇರಾನಿ ಕುಟುಂಬದ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಲ್ಲಿ 1961ರಿಂದ ಅಲ್ಲಿ ಗಾಡಿ ಮಾಡತೊಡಗಿತು, 1996ರಲ್ಲಿ ಬಾಗಿಲು ಹಾಕಿತು. 250 ಸಿ.ಸಿ.ಯ ಎರಡು ಹೊಡೆತದ ಎಂಜಿನ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು. ಅಣ್ಣ ಎಂಜಿನ್ನಿನ ನಂಬರನ್ನೂ ಒರೆಸಿ, ಇನ್ನೊಂದು ಕಾಗದಕ್ಕೆ ಇಳಿಸಿದರು. ಅಲ್ಲಿ ಜಂಗಿಲ್ಲ, ಬೂದಿಯಂಥ ಬಿಳಿ ಹುಡಿ. ಅಲ್ಯೂಮಿನಿಯಂ ಮೆತ್ತಗಿನ ಲೋಹವಾದ್ದರಿಂದ ಅಚ್ಚು ಆಳಕ್ಕೆ ಇಳಿದು, ಅಂಕಿಗಳ ಅಂಚಿನಲ್ಲಿ ಸಣ್ಣ ದಂಡೆ ಎದ್ದಿತ್ತು. ಬೆರಳಾಡಿಸಿದರೆ ಆ ದಂಡೆ ತಾಗುತ್ತಿತ್ತು. ಚಾಸಿಸ್ಸಿನ ಉಕ್ಕಿನ ಮೇಲೆ ಅಂಥ ಅಂಕಿಗಳೇ ಆಳವಿಲ್ಲದೆ, ಬಿಗಿಯಾಗಿ ಕೂತಿದ್ದವು.

ಅತ್ತೆ ಒಳಗಿನಿಂದ ಹಳೆಯ ಆರ್.ಸಿ. ಪುಸ್ತಕ ತಂದುಕೊಟ್ಟರು. ಮೇಲೆ ಮೈಸೂರು ರಾಜ್ಯವೆಂದಿತ್ತು, ಟ್ಯಾಂಕಿನ ಮೇಲೆ ಜಾವಾ ಎಂದಿತ್ತು. ನಮ್ಮ ರಾಜ್ಯ ಕರ್ನಾಟಕವಾದದ್ದೂ ಮೈಸೂರಿನ ಈ ಕಾರ್ಖಾನೆಯ ಗಾಡಿಗಳು ಜಾವಾ ಬದಲು ಯೆಜ್ಡಿ ಎಂಬ ಹೆಸರು ಹೊತ್ತದ್ದೂ 1973ರಲ್ಲೇ. ಎರಡು ಹಳೆಯ ಹೆಸರುಗಳು ಒಂದಕ್ಕೊಂದು ಸಾಕ್ಷಿ ನುಡಿದವು. ಆದರೆ ಟ್ಯಾಂಕು ಬೇರೆ ಗಾಡಿಯದೂ ಆಗಿರಬಹುದು, ಬಣ್ಣವನ್ನಂತೂ ಯಾರೂ ಹೊಡೆಸಬಹುದು. ಅದಕ್ಕೇ ಅಣ್ಣ ಎರಡೂ ಕಾಗದಗಳನ್ನು ಪುಸ್ತಕದ ಪಕ್ಕದಲ್ಲಿಟ್ಟು ಅಂಕಿಗೆ ಅಂಕಿ ಕೂಡಿಸಿ ಓದಿದರು. ಚಾಸಿಸ್ ಸರಿ. ಎಂಜಿನ್ನೂ ಸರಿ. ತಯಾರಾದ ವರ್ಷ 1966. ಮಾವ ಏನೂ ಮಾತಾಡಲಿಲ್ಲ, ಸೀಟಿನ ಮೇಲೆ ಕೈ ಇಟ್ಟು ನಿಂತರು. ಅರಬೈಲ್ ಘಟ್ಟ ಹತ್ತಿ ಇಳಿದ ಅದೇ ಎಂಜಿನ್ ಅದೇ ಚಾಸಿಸ್ಸಿನಲ್ಲಿ ಇನ್ನೂ ಇದೆ ಎಂಬುದು ಅವರಿಗೆ ಆ ಅಂಕಿಗಳಿಂದ ಖಾತ್ರಿಯಾಗಿತ್ತು.

2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ‘ವಿಎ’ ಗುರುತಿನಲ್ಲಿ ನೋಂದಾಯಿಸಬಹುದು. ಹೀಗೆ ಹಳೆಯ ಗಾಡಿಗೆ ಬೆಲೆ ಬಂದಂತೆ ನಂಬರನ್ನು ಉಜ್ಜಿ ಬೇರೆ ಒತ್ತುವ ಕೈಗಳೂ ಹುಟ್ಟುತ್ತವೆ. ಆದರೆ ಅಚ್ಚಿನ ಪೆಟ್ಟು ಮೇಲ್ಮೈಯಲ್ಲೇ ನಿಲ್ಲುವುದಿಲ್ಲ, ಅಡಿಯ ಲೋಹವನ್ನೂ ಅದುಮಿರುತ್ತದೆ. ಅರದಿಂದ ಉಜ್ಜಿ ನುಣುಪು ಮಾಡಿದ ಜಾಗಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲದ ದ್ರಾವಣ ಸವರುತ್ತಾರೆ. ಪೆಟ್ಟು ತಿಂದ ಲೋಹ ಪೆಟ್ಟು ತಿನ್ನದ ಲೋಹಕ್ಕಿಂತ ಬೇರೆ ರೀತಿಯಲ್ಲಿ ಕರಗುತ್ತದೆ. ಉಜ್ಜಿದ್ದು ತೀರಾ ಆಳಕ್ಕೆ ಹೋಗಿರದಿದ್ದರೆ ಹಳೆಯ ಅಂಕಿ ಮತ್ತೆ ಮೂಡುತ್ತದೆ.

ಆ ರಾತ್ರಿ ಜಗಲಿಯ ದೀಪದಲ್ಲಿ ಚಾಸಿಸ್ಸಿನ ಪಡಿಯಚ್ಚನ್ನು ಮತ್ತೆ ಹಿಡಿದು ನೋಡಿದೆ. ಅಂಕಿಗಳು ಒಂದೇ ಗೆರೆಯಲ್ಲಿರಲಿಲ್ಲ. ಒಂದು ತುಸು ಮೇಲೆ, ಮತ್ತೊಂದು ಓರೆ. ಸಾಲಿನಲ್ಲಿ ಒಂದು 6 ಇತ್ತು, ಒಂದು 9 ಇತ್ತು. ಆರರ ಹೊಟ್ಟೆಯ ಕೆಳಗೆ ಕೂದಲೆಳೆಯಷ್ಟು ಮುಕ್ಕು. ಒಂಬತ್ತರಲ್ಲೂ ಅದೇ ಮುಕ್ಕು, ಆದರೆ ತಲೆಯ ಮೇಲೆ. ಅಂಕಿ ಹೊಡೆಯುವ ಅಚ್ಚಿನ ಸೆಟ್ಟಿನಲ್ಲಿ ಸಾಮಾನ್ಯವಾಗಿ ಒಂಬತ್ತಕ್ಕೆ ಬೇರೆ ಅಚ್ಚು ಇರುವುದಿಲ್ಲ, ಆರನ್ನೇ ತಿರುಗಿಸಿ ಹೊಡೆಯುತ್ತಾರೆ. 1966ರ ಯಾವುದೋ ಒಂದು ದಿನ, ಮೈಸೂರಿನಲ್ಲಿ, ಒಬ್ಬ ಕೆಲಸಗಾರ ಆರು ಹೊಡೆದು, ಅದೇ ಮುಕ್ಕಾದ ಅಚ್ಚನ್ನು ಬೆರಳ ನಡುವೆ ತಿರುಗಿಸಿ, ಮತ್ತೊಮ್ಮೆ ಸುತ್ತಿಗೆ ಎತ್ತಿದ್ದ.

ಮಾವ ಕಾಗದ ಇಸಕೊಂಡರು. ಸೀಸದ ಹುಡಿ ಅಳಿಸಿಹೋಗದ ಹಾಗೆ ಇನ್ನೊಂದು ಹಾಳೆಯಲ್ಲಿ ಮಡಚಿ, ಆರ್.ಸಿ. ಪುಸ್ತಕದೊಳಗೆ ಇಟ್ಟರು.