ಕಾಲು ಮಿಲಿಮೀಟರಿನ ಶನಿ

ಹವ್ಯಾಸಿ ವೀಕ್ಷಕರ ಬಳಿ ಸಾಮಾನ್ಯವಾಗಿರುವ ಆರು ಇಂಚಿನ ನ್ಯೂಟನ್ ದೂರದರ್ಶಕವನ್ನೇ ತೆಗೆದುಕೊಳ್ಳಿ. ಅದರ ನಿಮ್ನ ದರ್ಪಣದ ಸಂಗಮ ದೂರ 1200 ಮಿ.ಮೀ. ಅದು ಮೂಡಿಸುವ ಚಂದ್ರಬಿಂಬದ ಅಗಲ ಸುಮಾರು 11 ಮಿ.ಮೀ., ಅದೂ ತಲೆಕೆಳಗಾಗಿ. ಬಳೆಗಳೂ ಸೇರಿದ ಇಡೀ ಶನಿಗೆ ಸಿಗುವುದು ಕಾಲು ಮಿಲಿಮೀಟರ್ ಜಾಗ!

ಮುಖಕ್ಷೌರದ ಕನ್ನಡಿಯೂ ನಿಮ್ನ ದರ್ಪಣವೇ. ಅಲ್ಲಿ ಮುಖ ಸಂಗಮಕ್ಕಿಂತ ಹತ್ತಿರವಿರುವುದರಿಂದ ದೊಡ್ಡದಾಗಿ, ನೇರವಾಗಿ ಕಾಣುತ್ತದೆ. ಆಕಾಶಕಾಯಗಳೋ ಎಣಿಸಲಾಗದಷ್ಟು ದೂರ. ಹಾಗಾಗಿ ಬಿಂಬ ಸಂಗಮದಲ್ಲೇ ಕಿರಿದಾಗಿ ನಿಲ್ಲುತ್ತದೆ. ಅದನ್ನು ಹಿಗ್ಗಿಸುವ ಕೆಲಸ ನೇತ್ರಮಸೂರದ್ದು. 1200ನ್ನು ಮಸೂರದ ಸಂಗಮ ದೂರದಿಂದ ಭಾಗಿಸಿ: 25 ಮಿ.ಮೀ. ಮಸೂರಕ್ಕೆ 48 ಪಟ್ಟು, 10ಕ್ಕೆ 120 ಪಟ್ಟು. 120 ಪಟ್ಟಿನಲ್ಲಿ ಆ ಕಾಲು ಮಿಲಿಮೀಟರಿನ ಶನಿ, ಬರಿಗಣ್ಣಿಗೆ ಕಾಣುವ ಚಂದ್ರನ ಎರಡೂವರೆ ಪಟ್ಟಿಗೂ ಮೀರಿ ಹರಡಿಕೊಳ್ಳುತ್ತಾನೆ. ಇದಕ್ಕಿಂತ ಹೆಚ್ಚಿನ ಸುಖ ಈ ಹವ್ಯಾಸದಲ್ಲಿ ನನಗೆ ಸಿಕ್ಕಿಲ್ಲ.

ಹಾಗಾದರೆ 600 ಪಟ್ಟು ಏಕಿಲ್ಲ? ಅಗ್ಗದ ದೂರದರ್ಶಕಗಳ ಪೆಟ್ಟಿಗೆಯ ಮೇಲೆ ಅಂಥ ಅಂಕಿಗಳು ರಾರಾಜಿಸುತ್ತವೆ. ವರ್ಧನೆ ಎರಡು ಪಟ್ಟಾದರೆ ಬಿಂಬದ ಹೊಳಪು ಕಾಲುಭಾಗಕ್ಕೆ ಇಳಿಯುತ್ತದೆ. ದರ್ಪಣ ಹಿಡಿಯದ ವಿವರವನ್ನು ಯಾವ ಮಸೂರವೂ ಕೊಡಲಾರದು. ವ್ಯಾಸದ ಇಂಚಿಗೆ 50 ಪಟ್ಟು ಎಂಬುದೇ ಮೇಲಿನ ಮಿತಿ. ಗಾಳಿ ಅಲುಗುವ ರಾತ್ರಿಗಳಲ್ಲಿ ಅದೂ ದಕ್ಕುವುದಿಲ್ಲ.

ನಿಜವಾದ ಕಸುಬು ದರ್ಪಣದ ಬಾಗಿನಲ್ಲಿದೆ. ಗೋಳದ ಬಾಗು ಅಂಚಿನ ಕಿರಣಗಳನ್ನೂ ನಡುವಿನ ಕಿರಣಗಳನ್ನೂ ಒಂದೇ ಕಡೆ ಕೂಡಿಸುವುದಿಲ್ಲ. ಪರವಲಯ ಕೂಡಿಸುತ್ತದೆ. ನಮ್ಮ ಆರಿಂಚಿನ ದರ್ಪಣದ ಅಂಚಿನಲ್ಲಿ ಎರಡಕ್ಕೂ ಇರುವ ಅಂತರ ಮೈಕ್ರಾನಿನ ಸುಮಾರು ಮೂರನೇ ಒಂದು ಭಾಗ. ಇದನ್ನು ಕೈಯಿಂದ ಉಜ್ಜಿ ಸಾಧಿಸುವ ಹವ್ಯಾಸಿಗಳಿದ್ದಾರೆ, ಅವರಿಗೆ ನನ್ನ ನಮಸ್ಕಾರ. 1990ರಲ್ಲಿ ಹಾರಿದ ಬಾಹ್ಯಾಕಾಶ ದೂರದರ್ಶಕ ಹಬಲ್‌ನ 2.4 ಮೀಟರ್ ದರ್ಪಣದ ಅಂಚು ಕೇವಲ 2.2 ಮೈಕ್ರಾನ್ ತಪ್ಪಿದ್ದಕ್ಕೆ ಚಿತ್ರಗಳೆಲ್ಲ ಮಸುಕಾದವು. 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಇಂಥ ಕಸುಬು ನಮ್ಮಲ್ಲೂ ನಡೆದಿದೆ: ತಮಿಳುನಾಡಿನ ಕಾವಲೂರಿನಲ್ಲಿರುವ 2.34 ಮೀಟರ್ ವೇಣು ಬಾಪು ದೂರದರ್ಶಕದ ದರ್ಪಣವನ್ನು ಉಜ್ಜಿ ಹೊಳಪು ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಅದರ ಸಂಗಮದಲ್ಲಿ ಚಂದ್ರ ಸುಮಾರು ಏಳು ಸೆಂಟಿಮೀಟರ್.

ದೂರದರ್ಶಕ ಕೊಳ್ಳುವವರು ಅಂಗಡಿಯಲ್ಲಿ ‘ಎಷ್ಟು ಪಟ್ಟು?’ ಎಂದು ಕೇಳಬೇಡಿ. ದರ್ಪಣದ ವ್ಯಾಸ ಕೇಳಿ, ಬಾಗು ಗೋಳವೋ ಪರವಲಯವೋ ಕೇಳಿ. ಜೊತೆಗೆ 25 ಮತ್ತು 10 ಮಿ.ಮೀ.ನ ಎರಡು ಒಳ್ಳೆಯ ನೇತ್ರಮಸೂರಗಳಿದ್ದರೆ ಮೊದಲ ಕೆಲವು ವರ್ಷಗಳಿಗೆ ಬೇರೇನೂ ಬೇಡ.